ಸಾಕ್ಷಿ ಹೇಳಿದ ಮೇಲಿನ ಗುಳಿಗೆಗಳು

ಹಾಡಿನ ಮೂರನೆಯ ಚರಣಕ್ಕೆ ಅವರಿಗೆ ಉಸಿರು ಸಾಲಲಿಲ್ಲ.

ನಮ್ಮ ಮನೆಯವರು, ಸಮುವೇಲ, ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಹಾಡು ಎತ್ತಿಕೊಡುವವರು. ಅವರು ಒಂದು ಸಾಲು ಹೇಳಿದರೆ ಉಳಿದವರು ಹಿಂದೆ ಹೇಳಬೇಕು. ಆ ಭಾನುವಾರ ಅವರು ನಿಲ್ಲಿಸಿದರು, ಎಲ್ಲರೂ ನಿಂತರು. ಹಾಡು ಅಂಥದ್ದಾಗಿತ್ತು, ಅಳು ಬಂದಿರಬೇಕು ಅಂದುಕೊಂಡರು. ಹಿಂದಿನಿಂದ ಯಾರೋ "ಸ್ತೋತ್ರ" ಅಂದರು. ಅವರು ಗೋಡೆ ಹಿಡಿದು ಕೆಮ್ಮಿದರು, ಕರವಸ್ತ್ರ ಮಡಚಿ ಜೇಬಿಗೆ ಹಾಕಿಕೊಂಡರು. ಮನೆಗೆ ಬಂದು ಒಗೆಯಲು ತೆಗೆದಾಗ ನೋಡಿದೆ.

ರಕ್ತ.

ನಾವು ರಾಯಚೂರು ಜಿಲ್ಲೆಯವರು. ಮದುವೆಯಾದ ವರ್ಷವೇ ಹೈದರಾಬಾದಿಗೆ ಬಂದು ಬಾಲಾನಗರದ ಹಿಂದಿನ ಕೂಲಿಗಳ ಬಸ್ತಿಯಲ್ಲಿ ಒಂದು ಕೋಣೆ ಹಿಡಿದೆವು. ಊರಿನ ಆ ತುದಿಯಲ್ಲಿ ಆಗ ಗಾಜಿನ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಕಂಪ್ಯೂಟರ್ ಕಂಪನಿಗಳಿಗೆ ನೆಲ ಬೇಕು. ಸಮುವೇಲ ಗ್ರಾನೈಟ್ ಕೊಯ್ದು ಹಾಸುವ ಕೆಲಸ ಮಾಡುತ್ತಿದ್ದರು. ಸಂಜೆ ಮನೆಗೆ ಬಂದಾಗ ರೆಪ್ಪೆಯ ಮೇಲೂ ಬಿಳಿ ಧೂಳು ಇರುತ್ತಿತ್ತು. ಹಾಗಾಗಿ ಕೆಮ್ಮು ನಮಗೆ ಹೊಸದಲ್ಲ. ಬೀದಿಯ ಡಾಕ್ಟರೂ ಮೂರು ಸಲ ಧೂಳಿನ ಕೆಮ್ಮು ಅಂತಲೇ ಸಿರಪ್ ಬರೆದುಕೊಟ್ಟಿದ್ದರು. ನಾನು ಹತ್ತನೆಯ ತರಗತಿ ಓದಿದವಳು. ಮೂರು ಸಲವೂ ನಂಬಿದೆ.

ರಕ್ತ ಕಂಡ ಮೇಲೆ ಸರ್ಕಾರಿ ಹೆಲ್ತ್ ಸೆಂಟರ್‌ಗೆ ಹೋದೆವು. ಕಫದ ಪರೀಕ್ಷೆ ಆಯಿತು. ಪಾಸಿಟಿವ್ ಬಂತು. ಟಿ.ಬಿ.

ಅಲ್ಲಿ ಸ್ವರೂಪಾ ಸಿಸ್ಟರ್ ಅಂತ ಇದ್ದರು. ಒಂದು ಡಬ್ಬಿಯ ಮೇಲೆ ನಮ್ಮವರ ಹೆಸರು ಬರೆದು, ಆರು ತಿಂಗಳ ಔಷಧ ಪೂರ್ತಿ ಇದರಲ್ಲಿದೆ, ಇದು ಬೇರೆ ಯಾರಿಗೂ ಹೋಗುವುದಿಲ್ಲ ಅಂದರು. ಮೊದಲ ಎರಡು ತಿಂಗಳು ವಾರಕ್ಕೆ ಮೂರು ದಿನ ಅವರ ಎದುರೇ ನುಂಗಬೇಕು. ಆಮೇಲೆ ನಾಲ್ಕು ತಿಂಗಳು ವಾರದ ಮೊದಲ ಡೋಸ್ ಅವರ ಎದುರು, ಉಳಿದೆರಡು ಮನೆಯಲ್ಲಿ. ಮುಂದಿನ ವಾರ ಖಾಲಿ ಸ್ಟ್ರಿಪ್ ತಂದು ತೋರಿಸಬೇಕು. "ಮಧ್ಯಲೋ ಆಪೊದ್ದು," ಅಂತ ತೆಲುಗಿನಲ್ಲಿ ಬೆರಳೆತ್ತಿ ಹೇಳಿದರು. ಅರ್ಧಕ್ಕೆ ನಿಲ್ಲಿಸಬೇಡಿ ಅಂತ. ಸಮುವೇಲ ಶಾಲೆಯ ಹುಡುಗನಂತೆ ತಲೆಯಾಡಿಸಿದರು. ಅವರು ಯಾರಿಗೂ ಇಲ್ಲ ಅಂದವರಲ್ಲ. ಅದೇ ಅವರ ಗುಣ. ಅದೇ ಮುಂದೆ ಕೊರಳಿಗೆ ಬಂತು.

ನಮ್ಮ ಸಭೆಯ ಬಗ್ಗೆ ಹೇಳಬೇಕು. ಇಲ್ಲದಿದ್ದರೆ ಈ ಜಡ್ಡಿನ ಕಥೆ ಅರ್ಥವಾಗುವುದಿಲ್ಲ.

ನಾವು ನಲವತ್ತು ಮನೆ. ಎಲ್ಲರೂ ದುಡಿಯಲು ಬಂದವರು. ಸ್ವಂತ ದೇವಾಲಯ ಇಲ್ಲ. ಒಂದು ತೆಲುಗು ಸಭೆಯವರು ತಮ್ಮ ಪ್ರಾರ್ಥನೆಯ ಹಾಲ್ ಅನ್ನು ಭಾನುವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ನಮಗೆ ಬಿಟ್ಟುಕೊಡುತ್ತಿದ್ದರು. ಅದನ್ನು ಕೈಕಾಲು ಹಿಡಿದು ಕೊಡಿಸಿದವರು ಪ್ರಭುದಾಸಪ್ಪ, ನಮ್ಮ ಹಿರಿಯರು, ಒಂದು ಕಾರ್ಖಾನೆಯಲ್ಲಿ ಹೆಲ್ಪರ್. ಪಾಸ್ಟರ್ ಸಿಕಂದರಾಬಾದಿನಿಂದ ಎರಡು ಬಸ್ ಬದಲಿಸಿ ಬರುತ್ತಿದ್ದರು. ಭಾನುವಾರಕ್ಕಿಂತ ಗುರುವಾರ ನಮಗೆ ದೊಡ್ಡದು. ಗುರುವಾರ ಸಂಜೆ ಮನೆ ಪ್ರಾರ್ಥನೆ. ಒಂದು ವಾರ ಒಬ್ಬರ ಮನೆ, ಇನ್ನೊಂದು ವಾರ ಇನ್ನೊಬ್ಬರದು. ಸಭೆಗೆಲ್ಲ ಸೇರಿ ಒಂದು ದೊಡ್ಡ ಜಮಖಾನ ಇತ್ತು, ಕೆಂಪು ನೀಲಿ ಪಟ್ಟೆಯದು. ಈ ವಾರ ಪ್ರಾರ್ಥನೆ ಆದ ಮನೆಯವರು ಅದನ್ನು ಮಡಚಿ ಹೆಗಲ ಮೇಲೆ ಹೊತ್ತು ಮುಂದಿನ ವಾರದ ಮನೆಗೆ ಮುಟ್ಟಿಸಬೇಕು. ಮನೆಗೆ ಜಮಖಾನ ಬಂತು ಅಂದರೆ ನೀವು ಸಭೆಯವರು. ಯಾರೂ ಹಾಗೆ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಎಲ್ಲರಿಗೂ ಗೊತ್ತು.

ಔಷಧ ಶುರುವಾದ ಮೂರನೆಯ ವಾರ ನಮ್ಮ ಸರದಿ. ಕೋಣೆ ಗುಡಿಸಿ, ಚುರುಮುರಿ ಒಗ್ಗರಣೆ ಹಾಕಿಟ್ಟಿದ್ದೆ. ಜಮಖಾನದ ಬದಲು ಪ್ರಭುದಾಸಪ್ಪ ಬಂದರು. ಬಾಗಿಲಲ್ಲೇ ನಿಂತರು.

"ತಂಗೀ, ತಪ್ಪು ತಿಳ್ಕೊಬ್ಯಾಡ. ಸಮುವೇಲಪ್ಪಗ ವಿಶ್ರಾಂತಿ ಬೇಕು. ಈ ಸಲ ನಿಮ್ಮನಿ ಬಿಟ್ಟು ಮಾರ್ಥಾನ ಮನಿಗಿ ಒಯ್ತೀವಿ."

"ಒಳಗ ಬರ್ರಿ, ಚಾ ಕುಡೀರಿ."

"ಇಲ್ಲವಾ, ಈಗ್ ಕುಡದೇ ಬಂದೆ."

ಮಾರ್ಥಾ ನಮ್ಮದೇ ಸಾಲಿನಲ್ಲಿ ಮೂರು ಬಾಗಿಲು ಆಚೆ ಇರುವವಳು. ಆ ಸಂಜೆ ಅವರ ಹಾಡು ಗೋಡೆಗಳನ್ನು ದಾಟಿ ಬರುತ್ತಿತ್ತು. ಸಮುವೇಲ ಮಂಚದ ಮೇಲೆ ಕೂತು, ತಪ್ಪಾಗಿ ಎತ್ತಿದ ಸ್ವರಕ್ಕೆ ಮುಖ ಕಿವಿಚುತ್ತಿದ್ದರು. ನಮ್ಮ ಮಗಳು ಗ್ರೇಸಿಗೆ ಆಗ ಹತ್ತು ವರ್ಷ. ಚುರುಮುರಿಯ ಪಾತ್ರೆ ನೋಡಿ, "ಅವ್ವಾ, ಇದೆಲ್ಲ ನಾವ ತಿನ್ನೂದೇನು?" ಅಂದಳು. ಮೂರು ದಿನ ತಿಂದೆವು.

ಮುಂದಿನ ವಾರವಾದರೂ ಜಮಖಾನ ಬರುತ್ತದೆ ಅಂದುಕೊಂಡೆ, ಆಗಲೂ ನಮ್ಮ ಮನೆ ಬಿಟ್ಟರು. ಭಾನುವಾರ ನಾವು ಕೂತರೆ ಪಕ್ಕದವರು ಎದ್ದು ಕಿಟಕಿ ತೆರೆಯುತ್ತಿದ್ದರು. ತೆರೆದವರು ಮತ್ತೆ ಅದೇ ಜಾಗಕ್ಕೆ ಬರುತ್ತಿರಲಿಲ್ಲ. ಎಲ್ಲರೂ ಒಳ್ಳೆಯವರೇ. ಎಲ್ಲರೂ "ಪ್ರಾರ್ಥನಿ ಮಾಡಾಕತ್ತೀವ್ರಿ" ಅನ್ನುತ್ತಿದ್ದರು. ಮಾಡುತ್ತಲೂ ಇದ್ದಿರಬಹುದು. ಆದರೆ ದೂರದಿಂದ ಮಾಡಿದ ಪ್ರಾರ್ಥನೆ ದೇವರಿಗೆ ಮುಟ್ಟುತ್ತದೋ ಏನೋ, ನಮ್ಮ ಕೋಣೆಗೆ ಮುಟ್ಟಲಿಲ್ಲ. ಆ ತಿಂಗಳು ಪಾಸ್ಟರ್ ಮೂರು ವಾರ ಒಂದೇ ವಿಷಯ ಬೋಧಿಸಿದರು: ಅಂಜಿಕೆಯ ಕಾಲದಲ್ಲಿ ಸಭೆ ಕಟ್ಟುವುದು ಹೇಗೆ. ಮನೆಗೆ ಬಂದು ಸಮುವೇಲ ನಕ್ಕರು.

"ಭಯಪಡಬ್ಯಾಡ್ರಿ ಅಂತ ಮೂರು ವಾರ ಹೇಳಿದ್ರು. ನಾಕನೇ ವಾರ ನನ್ನ ಬಾಜೂಕ ಕೂತು ಹೇಳ್ರಿ ಅನ್ಲೇನು?"

ಅವರು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡು ತಿಂಗಳಾದ ಮೇಲೆ ಮತ್ತೆ ಕಫ ಪರೀಕ್ಷೆ. ನೆಗೆಟಿವ್ ಬಂತು. ತೂಕ ಏರಿತ್ತು. ಕೆಮ್ಮು ಹೆಚ್ಚುಕಡಿಮೆ ನಿಂತಿತ್ತು. ಸ್ವರೂಪಾ ಸಿಸ್ಟರ್ ಸಂತೋಷಪಟ್ಟರು, ಮತ್ತೆ ಬೆರಳೆತ್ತಿದರು. ಇನ್ನು ನಾಲ್ಕು ತಿಂಗಳು. ಮಧ್ಯಲೋ ಆಪೊದ್ದು.

ಈಗ ಬರೆಯುವುದು ನನ್ನ ತಪ್ಪು.

ನಮ್ಮ ಸಭೆಯಲ್ಲಿ ಸಾಕ್ಷಿ ಹೇಳುವ ಪದ್ಧತಿ ಇದೆ. ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಎದ್ದು ನಿಂತು ಹೇಳುವುದು. ಕೆಲಸ ಸಿಕ್ಕರೆ, ಮಗುವಿನ ಜ್ವರ ಇಳಿದರೆ, ಹೇಳುತ್ತಾರೆ. ಹೇಳಿದ ಮೇಲೆ ಅದು ಮುಗಿದ ಮಾತು. ಯಾರೂ ಮತ್ತೆ ಕೆದಕುವುದಿಲ್ಲ. ಸಮುವೇಲರು ಗುಣವಾದರು ಅಂತ ನಾವು ಎಷ್ಟು ಜನರ ಮನೆ ಬಾಗಿಲಿಗೆ ಹೋಗಿ ರಿಪೋರ್ಟ್ ತೋರಿಸಲಿಕ್ಕಾಗುತ್ತದೆ? ಸಾಕ್ಷಿ ಹೇಳಿದರೆ ಒಂದೇ ಸಲಕ್ಕೆ ಎಲ್ಲರಿಗೂ ಆಯಿತು. ನಾನೇ ಹಟ ಹಿಡಿದೆ.

ಶನಿವಾರ ಅವರು ನನ್ನ ಮುಂದೆ ಒಮ್ಮೆ ಹೇಳಿ ನೋಡಿದರು. "ಕರ್ತ ಸಿಸ್ಟರ್‌ನ ಕಡಿಂದ ನನಗ ಗುಳಿಗಿ ಕೊಟ್ಟ. ಇನ್ನೂ ನಾಕು ತಿಂಗಳ ನುಂಗಬೇಕು, ಆದ್ರ ಜಡ್ಡು ಹೋಗೇತಿ—"

"ಗುಳಿಗಿ ಮಾತು ಬಿಡ್ರಿ," ಅಂದೆ. "ಇನ್ನೂ ನುಂಗಾಕತ್ತಾನ ಅಂದ್ರ ಇನ್ನೂ ಜಡ್ಡು ಐತಿ ಅಂತಾರ. ರಿಪೋರ್ಟ್‌ನಾಗ ಏನೂ ಇಲ್ಲ ಅನ್ರಿ. ಅಷ್ಟ ಸಾಕು."

ಅವರು "ನೀ ಹೇಳಿದಂಗ," ಅಂದರು.

ಭಾನುವಾರ ಅಷ್ಟೇ ಹೇಳಿದರು. ಕರ್ತ ನನ್ನ ಎದೆ ಮುಟ್ಟಿದ, ರಿಪೋರ್ಟ್‌ನಲ್ಲಿ ಏನೂ ಇಲ್ಲ. ಇಡೀ ಹಾಲ್ ಚಪ್ಪಾಳೆ ತಟ್ಟಿತು. ಪ್ರಭುದಾಸಪ್ಪ ಕಣ್ಣೊರೆಸಿಕೊಂಡು ಅವರನ್ನು ಅಪ್ಪಿಕೊಂಡರು. ಎರಡು ತಿಂಗಳಲ್ಲಿ ನನ್ನ ಮತ್ತು ಗ್ರೇಸಿಯ ಹೊರತು ಅವರನ್ನು ಮುಟ್ಟಿದ ಮೊದಲ ಮನುಷ್ಯ.

ಅದೇ ಗುರುವಾರ ಜಮಖಾನ ನಮ್ಮ ಮನೆಗೆ ಬಂತು. ಸರದಿ ನಮ್ಮದಿರಲಿಲ್ಲ, ಆದರೂ ತಂದರು. ಇಪ್ಪತ್ತು ಜನ ಆ ಕೋಣೆಯಲ್ಲಿ ಹೇಗೆ ಕೂತರೋ. ನಮ್ಮ ಕಪ್ಪುಗಳಲ್ಲಿ ಚಹಾ ಕುಡಿದರು. ಮಾರ್ಥಾ ನಮ್ಮ ಮಂಚದ ಮೇಲೇ ಕೂತು, "ಏನ್ ಅಕ್ಕಾ, ಎರಡು ತಿಂಗಳ ಚುರುಮುರಿ ಉಳಿಸಿ ಒಂದ ಸಲಕ್ಕ ಹಾಕಾಕತ್ತಿಯಲ್ಲ!" ಅಂತ ಚೇಷ್ಟೆ ಮಾಡಿದಳು. ಸಮುವೇಲ ಹಾಡು ಎತ್ತಿಕೊಟ್ಟರು. ಕೊನೆಯ ಚರಣದವರೆಗೂ ಉಸಿರು ಸಾಕಾಯಿತು. ನಾನು ಗೆದ್ದೆ ಅಂದುಕೊಂಡೆ.

ಮರುವಾರ ಬುಧವಾರ ಬೆಳಿಗ್ಗೆ ಅವರು ಸ್ಟ್ರಿಪ್ ಕೈಯಲ್ಲಿ ಹಿಡಿದಿದ್ದರು. ಗ್ರೇಸಿ ಜಡೆ ಹೆಣೆಸಿಕೊಳ್ಳುತ್ತ ಕೂತವಳು ಕೇಳಿದಳು.

"ಅಪ್ಪಾ, ನಿನಗ ಆರಾಮ ಆಗೇತಲ್ಲ? ನಾ ಸಂಡೇ ಸ್ಕೂಲಿನಾಗ ಹೇಳೀನಿ. ಮತ್ಯಾಕ ನುಂಗ್ತಿ?"

ಅವರು ನಕ್ಕರು. ಆ ಕಡೆ ತಿರುಗಿ ನೀರು ಕುಡಿದರು.

ನಾನು ನೋಡಿದ್ದು ನೀರು ಕುಡಿದದ್ದನ್ನು ಮಾತ್ರ.

ನಾಲ್ಕು ತಿಂಗಳು ಪ್ರತಿ ವಾರ ಖಾಲಿ ಸ್ಟ್ರಿಪ್ ಸೆಂಟರ್‌ಗೆ ಹೋಯಿತು. ಸೋಮವಾರ ಸಿಸ್ಟರ್ ಎದುರು ನುಂಗಿದ ದಿನ ಅವರಿಗೆ ಮೂತ್ರ ಕೆಂಪಾಗುತ್ತಿತ್ತು, ಆ ಔಷಧದ ಬಣ್ಣ ಅದು. ವಾರದಲ್ಲಿ ಒಂದೇ ದಿನ ಯಾಕೆ ಕೆಂಪು ಅಂತ ನನಗೆ ಹೊಳೆಯಬೇಕಿತ್ತು. ಮೈಗೆ ಔಷಧ ರೂಢಿಯಾಯಿತು ಅಂದುಕೊಂಡೆ. ಹೆಸರಿನ ಡಬ್ಬಿ ಖಾಲಿಯಾಯಿತು. ಸಿಸ್ಟರ್ ಕಾರ್ಡಿನ ಮೇಲೆ ಬರೆದುಕೊಂಡರು. ಸಮುವೇಲ ಗ್ರಾನೈಟ್ ಕೆಲಸಕ್ಕೆ ಮರಳಿದರು.

ಮೂರು ತಿಂಗಳು ಚೆನ್ನಾಗಿತ್ತು. ಆಮೇಲೆ ಸಂಜೆ ಜ್ವರ. ತೂಕ ಇಳಿಯಿತು. ಅಂಗಿಯ ಕಾಲರ್ ಕೊರಳಿನಿಂದ ದೂರ ನಿಂತಿತು. ಮತ್ತೆ ರಕ್ತ.

ಮತ್ತೆ ಪಾಸಿಟಿವ್.

ಈ ಸಲ ಗುಳಿಗೆಯ ಜೊತೆ ಇಂಜೆಕ್ಷನ್. ಎರಡು ತಿಂಗಳು ಚುಚ್ಚಿಸಿಕೊಂಡು ಸೊಂಟ ಗಂಟುಗಂಟಾಯಿತು. ಗುಣ ಕಾಣಲಿಲ್ಲ. ಎದೆರೋಗದ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಒಂದು ಸಾಲು ಚೀಟಿಗೆ, ಒಂದು ಸಾಲು ಎಕ್ಸ್‌ರೇಗೆ, ಮತ್ತೊಂದು ಸಾಲು ಎಕ್ಸ್‌ರೇ ನೋಡುವವರಿಗೆ. ನಿಲ್ಲಲು ಆಗದವರನ್ನೇ ಮೂರು ಸಾಲಲ್ಲಿ ನಿಲ್ಲಿಸುವ ಈ ವ್ಯವಸ್ಥೆ ಮಾಡಿದವರು ಒಮ್ಮೆಯೂ ಕೆಮ್ಮಿರಲಿಕ್ಕಿಲ್ಲ. ಕೊನೆಗೆ ಸಿಕ್ಕ ಡಾಕ್ಟರ್ ವಯಸ್ಸಿನಲ್ಲಿ ಚಿಕ್ಕವರು. ಎಕ್ಸ್‌ರೇ ಬೆಳಕಿಗೆ ಹಿಡಿದು ಹಿಂದಿಯಲ್ಲಿ ಕೇಳಿದರು, ಮೊದಲ ಸಲ ಎಷ್ಟು ಡೋಸ್ ಮಿಸ್ ಆಗಿದೆ?

"ಏಕ್ ಭೀ ನಹೀ ಸಾರ್," ಅಂದೆ. ಖಾಲಿ ಸ್ಟ್ರಿಪ್ ಎಲ್ಲ ಕೊಟ್ಟಿದ್ದೇವೆ ಅಂತ ಹೆಮ್ಮೆಯಿಂದ ಹೇಳಿದೆ.

ಡಾಕ್ಟರ್ ಸಮುವೇಲರ ಮುಖ ನೋಡಿದರು. ಸಮುವೇಲ ನೆಲ ನೋಡುತ್ತಿದ್ದರು. ಒಳ್ಳೆಯ ಗ್ರಾನೈಟ್ ನೆಲ. ಜೋಡಣೆ ಸರಿಯಿಲ್ಲ ಅಂತ ಅವರು ಬೇರೆ ದಿನವಾದರೆ ಹೇಳುತ್ತಿದ್ದರು.

ಯಾವ ಔಷಧ ನಾಟುತ್ತದೆ ಅಂತ ನೋಡಲು ಕಫವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿದರು. ವಾರಗಳು ಬೇಕು ಅಂತ ಅವರನ್ನು ವಾರ್ಡಿಗೆ ಸೇರಿಸಿಕೊಂಡರು. ಅಷ್ಟರಲ್ಲಿ ಅವರ ಜೊತೆ ಕೆಲಸ ಮಾಡುವ ಮೇಸ್ತ್ರಿ ಮನೆಗೆ ಬಂದು ಕಲ್ಲು ಕೊಯ್ಯುವ ಬ್ಲೇಡ್ ಕೇಳಿದ. ಅವರ ಸಾಮಾನಿನ ಚೀಲದಲ್ಲಿ ಹುಡುಕಿದೆ. ಕರಣಿ, ದಾರದ ಉಂಡೆ, ಮಟ್ಟಗೋಲಿನ ಕೆಳಗೆ ಚಹಾಪುಡಿಯ ತಗಡಿನ ಡಬ್ಬಿ. ಅಲ್ಲಾಡಿಸಿದರೆ ಸದ್ದಾಗಲಿಲ್ಲ. ಮುಚ್ಚಳ ತೆಗೆದೆ.

ಕೆಂಪು ಗುಳಿಗೆಗಳು. ತೇವಕ್ಕೆ ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು.

ಡಬ್ಬಿ ಹಿಡಿದುಕೊಂಡೇ ಬಸ್ ಹತ್ತಿದೆ. ವಾರ್ಡಿನಲ್ಲಿ ಅವರ ಹಾಸಿಗೆಯ ಮೇಲೆ ಇಟ್ಟೆ. ಅವರು ನೋಡಿದರು, ಆಶ್ಚರ್ಯಪಡಲಿಲ್ಲ.

"ಯಾಕ್ರಿ?"

"ಸಾಕ್ಷಿ ಸುಳ್ಳಾಗ್ತಿತ್ತು, ಸುಲೋಚನಾ."

"ಸಿಸ್ಟರ್ ಎದುರಿಗೆ ನುಂಗ್ತಿದ್ರಿ?"

"ಆಕಿಗಿ ಇಲ್ಲ ಅನ್ನಾಕ ಆಗ್ತಿದ್ದಿಲ್ಲ. ಮನ್ಯಾಗ ಗ್ರೇಸಿ ಇರ್ತಿದ್ಲು. ನಮ್ಮಪ್ಪಗ ಆರಾಮ ಆಗೇತಿ ಅಂತ ಊರಿಗೆಲ್ಲ ಹೇಳ್ಯಾಳ. ಆಕಿ ಮುಂದ ಹೆಂಗ ನುಂಗಲಿ?"

"ಮತ್ತ ಚೆಲ್ಲಬೇಕಿತ್ತು. ಯಾಕ ಇಟ್ರಿ?"

"ಔಷಧ ಅಲ್ಲೇನು," ಅಂದರು. "ಚೆಲ್ಲಾಕ ಮನಸು ಬರ್ಲಿಲ್ಲ."

ಬೈಯಬೇಕೆಂದೇ ಹೋಗಿದ್ದೆ. ಆದರೆ ಗುಳಿಗೆಯ ಮಾತು ಬಿಡಿ ಅಂದವಳು ನಾನು. ಅವರು ಅದನ್ನು ಎತ್ತಲಿಲ್ಲ. ಕೊನೆಯವರೆಗೂ ಎತ್ತಲಿಲ್ಲ. ಎತ್ತಿದ್ದರೆ ನಾನು ಜಗಳವಾಡಬಹುದಿತ್ತು, ಸ್ವಲ್ಪ ಹಗುರಾಗಬಹುದಿತ್ತು.

ಕಲ್ಚರ್ ರಿಪೋರ್ಟ್ ಬಂತು. ಅರ್ಧಮರ್ಧ ನುಂಗಿದ್ದರಿಂದ ಮಾಮೂಲಿ ಔಷಧ ಯಾವುದೂ ಈಗ ನಾಟುವುದಿಲ್ಲ ಅಂತ. ಬೇರೆ ಔಷಧ ಇದೆ, ಆದರೆ ಸರ್ಕಾರಿ ಆಸ್ಪತ್ರೆಗೆ ಇನ್ನೂ ಬಂದಿಲ್ಲ ಅಂದರು ಆ ಚಿಕ್ಕ ಡಾಕ್ಟರ್. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಸಭೆಯಲ್ಲಿ ಸುದ್ದಿ ಹಬ್ಬಿತು. ಅಷ್ಟು ದೊಡ್ಡ ಸಾಕ್ಷಿ ಹೇಳಿದವನಿಗೆ ಜಡ್ಡು ತಿರುಗಿ ಬಂತೆಂದರೆ ವಿಶ್ವಾಸ ಸಡಿಲಾಗಿರಬೇಕು ಅಂತ ಮಾತು. ನನ್ನ ಕಿವಿಗೂ ಬಿತ್ತು. ಪಾಸ್ಟರ್ ಒಮ್ಮೆ ವಾರ್ಡಿಗೆ ಬಂದರು. ಬಾಯಿಗೆ ಕರವಸ್ತ್ರ ಹಿಡಿದುಕೊಂಡೇ ಪ್ರಾರ್ಥಿಸಿದರು. ಆಮೆನ್ ಅಂದ ಮೇಲೆ ಆ ಕರವಸ್ತ್ರವನ್ನು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಸಮುವೇಲರೇ, "ಇರ್ಲಿ ಬಿಡ್ರಿ ಪಾಸ್ಟರ್, ಹಿಡ್ಕೋರಿ," ಅಂದರು.

ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಿಸಿನೀರು ತರಲು ಕೆಳಗೆ ಹೋಗಿದ್ದೆ. ಬಂದಾಗ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು.

ಸಮಾಧಿಯ ದಿನ ಪಾಸ್ಟರ್ ಕರ್ತನ ಚಿತ್ತ ಅಂದರು. ಆಗ ನನಗೆ ಬಂದಷ್ಟು ಸಿಟ್ಟು ಅದಕ್ಕೂ ಮೊದಲು ಬಂದಿರಲಿಲ್ಲ. ಇದು ಯಾವ ಕರ್ತನ ಚಿತ್ತವೂ ಅಲ್ಲ. ಒಂದು ಡಬ್ಬಿ ಗುಳಿಗೆ ಮತ್ತು ನಲವತ್ತು ಮನೆಯ ಅಂಜಿಕೆ. ಆದರೆ ನಾನು ತಲೆಯ ಮೇಲೆ ಸೆರಗು ಹೊದ್ದು ಸುಮ್ಮನೆ ನಿಂತಿದ್ದೆ.

ಸಾವಿನ ಮನೆಯ ಪ್ರಾರ್ಥನೆಗೆ ಜಮಖಾನ ತಂದು ಹಾಸಿದ್ದರು. ಪ್ರಾರ್ಥನೆ ಮುಗಿದ ಮೇಲೆ ಯಾರೂ ಅದನ್ನು ಒಯ್ಯಲಿಲ್ಲ. ಒಂದು ಗುರುವಾರ ಹೋಯಿತು, ಎರಡು ಹೋದವು, ಮೂರನೆಯದೂ ಹೋಯಿತು. ನಾಲ್ಕನೆಯ ವಾರ ನಾನೂ ಗ್ರೇಸಿಯೂ ಅದನ್ನು ಕುದಿವ ನೀರಲ್ಲಿ ನೆನೆಸಿ ಒಗೆದೆವು. ಆಕೆ ಆ ತುದಿ, ನಾನು ಈ ತುದಿ ಹಿಡಿದು ಹಿಂಡಿದೆವು. ಎರಡು ದಿನ ಬಿಸಿಲಿಗೆ ಹಾಕಿದೆವು. ಗುರುವಾರ ಹೆಗಲ ಮೇಲೆ ಹೊತ್ತು ಪ್ರಾರ್ಥನೆ ಇದ್ದ ಪ್ರಭುದಾಸಪ್ಪನವರ ಮನೆಗೆ ಹೋದೆ. ಅವರು ಹೊರಗೆ ಬಂದು ನೋಡಿ ತಡವರಿಸಿದರು.

"ಇರ್ಲಿ ಬಿಡು ತಂಗೀ. ಅದು ನಿನ್ನ ಹತ್ರನ ಇರ್ಲಿ. ನಾವು ಹೊಸಾದು ತರಬೇಕಂತ ಮಾಡೀವಿ."

ನಾನು ಒಳಗೆ ಹೋದೆ. ನಾನೇ ಹಾಸಿದೆ. ಒಳಗಿದ್ದವರು ಗೋಡೆಗೆ ಒರಗಿ ನಿಂತರು. ನಡುವೆ ಆ ತಗಡಿನ ಡಬ್ಬಿ ಇಟ್ಟು ಮುಚ್ಚಳ ತೆಗೆದೆ. ನಾನು ಜೀವನದಲ್ಲಿ ಎಂದೂ ಸಾಕ್ಷಿ ಹೇಳಿದವಳಲ್ಲ.

"ಇವು ನಮ್ಮವರು ನುಂಗಬೇಕಾಗಿದ್ದ ಗುಳಿಗಿ. ನುಂಗಿದ್ರ ಬದುಕತಿದ್ರು ಅಂತ ಡಾಕ್ಟರ್ ಹೇಳ್ಯಾರ. ಯಾಕ ನುಂಗ್ಲಿಲ್ಲ ಅಂದ್ರ, ನೀವು ಮನಿಗಿ ಬರ್ಲಿ ಅಂತ ನಾ ಅವರ ಕಡಿಂದ ಅರ್ಧ ಸಾಕ್ಷಿ ಹೇಳಿಸಿದೆ. ನೀವು ಅರ್ಧಕ್ಕ ಚಪ್ಪಾಳಿ ಹೊಡದ್ರಿ. ಅವರ ವಿಶ್ವಾಸದ ಮಾತು ಇನ್ಮ್ಯಾಲ ಯಾರೂ ಆಡಬ್ಯಾಡ್ರಿ."

ಪ್ರಭುದಾಸಪ್ಪ ಡಬ್ಬಿ ನೋಡುತ್ತಲೇ ಹೇಳಿದರು.

"ತೆಲುಗು ಸಭಿಯವರಿಗಿ ಗೊತ್ತಾದ್ರ ಹಾಲ್ ಬಿಡಿಸ್ತಾರಂತ ಅಂಜಿದ್ದೆ ತಂಗೀ. ನಲವತ್ತು ಮನಿಗಿ ಅದೊಂದ ಜಾಗಾ."

"ಹಾಲ್ ಉಳೀತಲ್ರಿ, ಅಣ್ಣಾ," ಅಂದೆ.

ಅವರು ಕೆಳಗೆ ಕೂತುಬಿಟ್ಟರು. ಜಮಖಾನದ ಮೇಲೆಯೇ. ಆಮೇಲೆ ಒಬ್ಬೊಬ್ಬರಾಗಿ ಕೂತರು. ಎಲ್ಲರೂ ಅಲ್ಲ. ಎರಡು ಮನೆಯವರು ಚಪ್ಪಲಿ ಹಾಕಿಕೊಂಡು ಹೋದರು.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಮಾರ್ಥಾ ಬಾಗಿಲಲ್ಲಿ ನಿಂತಿದ್ದಳು. ಯಾವಾಗಲೂ ಚೇಷ್ಟೆ ಮಾಡುವವಳು, ಮುಖ ಸಣ್ಣಗಾಗಿತ್ತು.

"ಅಕ್ಕಾ, ನನಗೂ ಕೆಮ್ಮು ಬಂದು ಒಂದೂವರಿ ತಿಂಗಳಾತು. ಯಾರಿಗೂ ಹೇಳಿಲ್ಲ. ಸೆರಗಿನಾಗ ಕೆಮ್ಮಾಕತ್ತೀನಿ."

ನನಗೆ ಆಕೆಯ ಕೆನ್ನೆಗೆ ಬಾರಿಸಬೇಕೆನಿಸಿತು. ಕೈ ಹಿಡಿದುಕೊಂಡು ಸೆಂಟರ್‌ಗೆ ಎಳೆದುಕೊಂಡು ಹೋದೆ. ಸ್ವರೂಪಾ ಸಿಸ್ಟರ್ ನನ್ನನ್ನು ನೋಡಿ ಎದ್ದು ನಿಂತರು. ನಮ್ಮವರ ಸುದ್ದಿ ಅವರಿಗೆ ಗೊತ್ತಾಗಿತ್ತು. ಕಫದ ರಿಪೋರ್ಟ್ ಬಂದ ಮೇಲೆ ಹೊಸ ಡಬ್ಬಿಯ ಮೇಲೆ ಮಾರ್ಥಾನ ಹೆಸರು ಬರೆದರು. ನನ್ನನ್ನೂ ಗ್ರೇಸಿಯನ್ನೂ ಪರೀಕ್ಷೆ ಮಾಡಿಸಿದರು. ನಮಗೆ ಏನೂ ಇಲ್ಲ.

ಅವರು ಹೋಗಿ ನಾಲ್ಕು ತಿಂಗಳಾಯಿತು. ಸಿಟ್ಟು ಹೋಗಿದೆ ಅಂತ ಬರೆದರೆ ಅದೂ ಅರ್ಧ ಸಾಕ್ಷಿಯಾಗುತ್ತದೆ. ಹೋಗಿಲ್ಲ. ಕೆಲವು ಮನೆಯವರು ಇನ್ನೂ ನಮ್ಮ ಸಾಲಿನತ್ತ ಬರುವುದಿಲ್ಲ. ಹಾಲ್‌ನಲ್ಲಿ ಕಿಟಕಿಗಳನ್ನು ಈಗ ಮೊದಲೇ ತೆರೆದಿಟ್ಟಿರುತ್ತಾರೆ, ಸಿಸ್ಟರ್ ಹೇಳಿದ್ದಕ್ಕೆ. ಯಾರೂ ಎದ್ದು ಹೋಗಿ ತೆರೆಯಬೇಕಿಲ್ಲ. ತೆಲುಗು ಸಭೆಯವರಿಗೆ ಪ್ರಭುದಾಸಪ್ಪನವರೇ ಹೋಗಿ ಎಲ್ಲ ಹೇಳಿದರು. ಅವರು ಹಾಲ್ ಬಿಡಿಸಲಿಲ್ಲ. ಎರಡು ಫ್ಯಾನ್ ಹಾಕಿಸಿಕೊಟ್ಟರು. ಇಷ್ಟು ಸುಲಭವಿತ್ತು. ಅದನ್ನು ನೆನೆದಾಗಲೇ ನನಗೆ ಅತಿ ಕಷ್ಟವಾಗುವುದು.

ಕಳೆದ ಗುರುವಾರ ಸರದಿ ಮಾರ್ಥಾನ ಮನೆಯದು. ಆಕೆಯ ಮೂರನೆಯ ತಿಂಗಳು ಅದು. ಜಮಖಾನವನ್ನು ಪ್ರಭುದಾಸಪ್ಪ ತಾವೇ ಹೊತ್ತು ತಂದರು. ಹನ್ನೊಂದು ಜನ ಬಂದಿದ್ದರು. ಪಾಸ್ಟರ್ ಆಕೆಯ ಪಕ್ಕದಲ್ಲಿ ಕೂತರು, ಕರವಸ್ತ್ರ ಜೇಬಿನಲ್ಲಿತ್ತು. ವಾಕ್ಯ ಓದುವ ಮೊದಲು ಮಾರ್ಥಾ ಸ್ಟ್ರಿಪ್ ತೆಗೆದಳು. ಗ್ರೇಸಿ ಎದ್ದು ನೀರು ತಂದುಕೊಟ್ಟಳು. ಕೊಟ್ಟು ಅಲ್ಲೇ ನಿಂತಳು.

"ನುಂಗು ಅತ್ತೀ. ನಾ ನೋಡ್ತೀನಿ."

ಮಾರ್ಥಾ ಒಂದೊಂದೇ ನುಂಗಿ ಬಾಯಿ ತೆರೆದು ತೋರಿಸಿದಳು. ಗ್ರೇಸಿ ಬಗ್ಗಿ ನೋಡಿ ತಲೆಯಾಡಿಸಿದಳು. ಕೆಲವರು ನಕ್ಕರು. ನಾನು ಗೋಡೆಯ ಕಡೆ ನೋಡಿದೆ.

ಆಮೇಲೆ ಹಾಡು. ಯಾರು ಎತ್ತಿಕೊಡಬೇಕು ಅಂತ ಯಾರಿಗೂ ತಿಳಿಯಲಿಲ್ಲ. ನಾಲ್ಕು ತಿಂಗಳಿಂದಲೂ ಹೀಗೇ, ಯಾರೋ ಒಬ್ಬರು ಗುನುಗಿ ಶುರು ಮಾಡುತ್ತಿದ್ದರು. ಆ ದಿನ ಎಲ್ಲರೂ ನನ್ನತ್ತ ನೋಡಿದರು. ನಾನು ಎತ್ತಿಕೊಟ್ಟೆ. ಬಹಳ ಎತ್ತರದಲ್ಲಿ ಎತ್ತಿದೆ. ಅವರು ಇದ್ದಿದ್ದರೆ ಮುಖ ಕಿವಿಚುತ್ತಿದ್ದರು. ಎರಡನೆಯ ಸಾಲಿಗೆ ಮಾರ್ಥಾಗೆ ಕೆಮ್ಮು ಬಂತು. ನಾನು ನಿಲ್ಲಿಸಿದೆ. ಎಲ್ಲರೂ ನಿಂತರು.

ಆಕೆ ಬಾಯಿಗೆ ಸೆರಗು ಹಿಡಿದು, ಇನ್ನೊಂದು ಕೈಯನ್ನು ನಮ್ಮತ್ತ ಬೀಸಿದಳು.

"ನಿಂದ್ರಬ್ಯಾಡ್ರಿ, ಹಾಡ್ರಿ. ನಾ ಇಲ್ಲೇ ಕುಂತೀನಿ."